ಆಯಿಯ ಕೈಯಲ್ಲಿದ್ದ ಪಾಟಿ

ಪುನರ್ವಸತಿ ಕೇಂದ್ರ, ಹೊಸ ಕೋರಿಹಾಳ
ತಾ. ಬೀಳಗಿ
12 ಜುಲೈ 2010

ಮಗಳೇ ಸಂಧ್ಯಾ,

ಸರ್ಕಾರ ಕೊಡುತ್ತೇನೆ ಎಂದದ್ದು: ಮುಳುಗಿದ ಮನೆಗೆ ಬದಲಿ ಮನೆ. ಕುಡಿಯಲು ಸಿಹಿನೀರು. ಊರಿಗೊಂದು ಸಾಲೆ. ಸತ್ತವರನ್ನು ಒಯ್ಯಲು ಒಂದು ಜಾಗ. ಒಲೆ ಹೊತ್ತಿಸಿದ ಪ್ರತಿಯೊಬ್ಬರ ಹೆಸರಿಗೂ ಹಕ್ಕುಪತ್ರ.

ಸರ್ಕಾರ ಕೊಡದೆ ಬಿಟ್ಟದ್ದು: ಸಿಹಿನೀರು. ಸತ್ತವರನ್ನು ಒಯ್ಯುವ ಜಾಗ. ನನ್ನ ಹಕ್ಕುಪತ್ರ.

ನೀನು ಕೊಡುತ್ತೇನೆ ಎಂದದ್ದು: ಒಂದು ಆಲ್ಬಮ್.

ನೀನು ಕೊಡದೆ ಬಿಟ್ಟದ್ದು: ಅದೇ ಆಲ್ಬಮ್.

ಯುಗಾದಿಯಿಂದ ಫೋನಿನಲ್ಲಿ "ಮಾಡ್ತೀನಿ ಅತ್ತಿ, ಮಾಡ್ತೀನಿ" ಎನ್ನುತ್ತ ಬಂದಿದ್ದೀಯ. ಬಾಯಿಮಾತಿನ ಭರವಸೆ ಕೇಳಿ ಕೇಳಿ ಕೆಟ್ಟವಳು ನಾನು. ಇನ್ನು ಮೇಲೆ ನನಗೆ ಕಾಗದ ಬರೆ. ಸಾಹೇಬರಿಗೂ ಇದನ್ನೇ ಹೇಳುತ್ತೇನೆ, ನೀನೇನು ಸಾಹೇಬರಿಗಿಂತ ದೊಡ್ಡವಳಲ್ಲ.

ಈ ಕಾಗದದ ಜೊತೆ ಒಂದು ದಪ್ಪ ಲಕೋಟೆ ಇದೆ. ಅದರಲ್ಲಿ ನಮ್ಮ ಊರಿದೆ. ಆಣೆಕಟ್ಟಿನ ನೀರಿಗೆ ಮುಳುಗುವ ಮುಂಚೆ, ತೊಂಬತ್ತೊಂಬತ್ತರ ಮಳೆಗಾಲದಲ್ಲಿ, ಪುನರ್ವಸತಿ ಕಚೇರಿಯವರು ಮನೆ ಮನೆಗೆ ಬಂದು ಫೋಟೋ ತೆಗೆಸಿದರಲ್ಲ, ಅವು. ಬಾಗಿಲ ಮುಂದೆ ಮನೆಯವರು ನಿಲ್ಲಬೇಕು, ಎದೆಗೆ ಸಾಲೆಮಕ್ಕಳ ಪಾಟಿ ಹಿಡಿಯಬೇಕು, ಪಾಟಿಯ ಮೇಲೆ ಮನೆಯ ನಂಬರು. ಠಾಣೆಯಲ್ಲಿ ಕೈದಿಗಳನ್ನು ನಿಲ್ಲಿಸುವ ಹಾಗೆ ನಿಲ್ಲಿಸಿದರು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಜಗಳ ಆಡಿ, ಪ್ರತಿ ತೆಗೆಸಿದ್ದೇನೆ.

ಎಲ್ಲರ ಪಾಟಿಯ ಮೇಲೂ ನಂಬರು ಕಾಣುತ್ತದೆ. ನಿಮ್ಮ ಆಯಿ, ನನ್ನ ಅವ್ವನದು ಮಾತ್ರ ಕಪ್ಪು. ಮುಖವೂ ಕಪ್ಪು, ಪಾಟಿಯೂ ಕಪ್ಪು. ನಂಬರಿಲ್ಲದ ಮೇಲೆ ಮನೆಯೂ ಇರಲಿಲ್ಲ ಎಂದು ಕಚೇರಿ ಬರೆದುಕೊಂಡಿತು. ಗಂಡ ಸತ್ತು ತವರಿಗೆ ಬಂದ ಮೇಲೆ ನಾನು ಅವ್ವನ ಜೊತೆ ಬಾಳಿದ ಮನೆ ಅದು. ಅವ್ವ ತಗಡಿನ ಶೆಡ್ಡಿನಲ್ಲಿ ತೀರಿಕೊಂಡಳು. ನಾನು ಈಗ ಇರುವ ಮನೆಯನ್ನು ಖಾಲಿ ಮಾಡು ಎಂದು ನೋಟೀಸು ಬಂದಿದೆ. ಇಡೀ ಊರಿಗೆ ಹಕ್ಕುಪತ್ರ ಕೊಡಿಸಿದ ಇಂದ್ರವ್ವನಿಗೆ ಹಕ್ಕುಪತ್ರವಿಲ್ಲ. ನಗಬೇಡ.

ನವೆಂಬರಿನಲ್ಲಿ ಹೊಸ ಸಾಹೇಬರ ಮುಂದೆ ವಿಚಾರಣೆ. ಫೈಲು ಕೊಟ್ಟರೆ ಅವರು ಆಕಳಿಸುತ್ತಾರೆ. ಲಗ್ನದ ಆಲ್ಬಮ್ ಕೊಟ್ಟು ನೋಡು, ಪುಟ ತಿರುವದೆ ಬಿಡುವ ಮನುಷ್ಯ ಈ ಜಿಲ್ಲೆಯಲ್ಲಿ ಹುಟ್ಟಿಲ್ಲ. ಅದಕ್ಕೇ ನನಗೆ ನಮ್ಮ ಊರು ಲಗ್ನದ ಆಲ್ಬಮ್ಮಿನ ಹಾಗೆ ಬೇಕು. ದಪ್ಪ ಪುಟ, ಹೊಳೆಯುವ ಕಾಗದ. ಮೊದಲ ಪುಟಕ್ಕೆ ಆಯಿ. ಕತ್ತಲು ತೆಗೆ, ಮುಖ ಕಾಣಲಿ, ನಂಬರು ಕಾಣಲಿ. ಕಂಪ್ಯೂಟರಿನಲ್ಲಿ ಏನು ಬೇಕಾದರೂ ಆಗುತ್ತದೆ ಎಂದು ನೀನೇ ಜಂಬ ಕೊಚ್ಚಿದ್ದೆ.

ಊಟ ಸರಿಯಾಗಿ ಮಾಡು. ನಿಮ್ಮ ಅಪ್ಪ ಧರ್ಮರಾಜನಿಗೆ ಹೇಳು, ತಂಗಿ ಸತ್ತಿಲ್ಲ, ಒಮ್ಮೆ ಬಂದು ಹೋಗಲಿ.

ನಿನ್ನ ಅತ್ತಿ
ಇಂದ್ರವ್ವ


ಬನಹಟ್ಟಿ
9 ಆಗಸ್ಟ್ 2010

ಪ್ರೀತಿಯ ಅತ್ತಿ,

ತಗೊ, ಬರೆದು ಕೊಟ್ಟಿದ್ದೇನೆ. ಮೊದಲ ಪುಟ ಈ ಕಾಗದದ ಜೊತೆಗೇ ಇದೆ. ನಿಧಾನವಾಗಿ ಬಿಚ್ಚು, ಮಡಚಬೇಡ.

ಜಮಖಂಡಿಯಲ್ಲಿ ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಈಗ ಲಗ್ನದ ಸೀಜನ್ ಇಲ್ಲ, ಹಾಗಾಗಿ ಊಟದ ಬಿಡುವಿನಲ್ಲಿ ಮಾಡಿದೆ. ನಮ್ಮ ಮಾಲಕ ಪ್ರಥಮೇಶ ಹಿಂದೆ ನಿಂತು ನೋಡುತ್ತಿದ್ದರು. ಅವರದು ಒಂದೇ ಪಾಠ: "ಮದಿಮಗಳು ಬೆಳ್ಳಗಾಗಬೇಕು, ಮಾವ ಸಣ್ಣಗಾಗಬೇಕು, ಆಕಾಶ ನೀಲಿ ಆಗಬೇಕು. ಅಷ್ಟಾದ್ರ ಗಿರಾಕಿ ಖುಷ್." ಹಾಗೇ ಮಾಡಿದ್ದೇನೆ. ಕತ್ತಲನ್ನೆಲ್ಲ ಎತ್ತಿದೆ. ಆಯಿಯ ಮುಖ ತಿಳಿ ಮಾಡಿ ಸುಕ್ಕು ಒರೆಸಿದೆ. ಕಣ್ಣು, ಮೂಗು, ಸೀರೆಯ ಅಂಚು ಚೂಪಾಗಿ ಕಾಣುವ ಹಾಗೆ ಮಾಡಿದೆ. ಹಿಂದಿನ ಮಸುಕು ಗೋಡೆ ತೆಗೆದು ಹೊಳೆ ಹಾಕಿದ್ದೇನೆ, ನೋಡು, ಎಂಥ ನೀಲಿ.

ಆ ಪಾಟಿಯಲ್ಲಿ ಎಷ್ಟು ಬೆಳಕು ಕೊಟ್ಟರೂ ನಂಬರು ಬರಲಿಲ್ಲ. ತೆಗೆದುಬಿಟ್ಟೆ. ಈಗ ಆಯಿ ಕೈದಿಯ ಹಾಗಿಲ್ಲ, ಬೀಗರನ್ನು ಕರೆಯಲು ನಿಂತವಳ ಹಾಗಿದ್ದಾಳೆ. ನಾನಂತೂ ಪ್ರಿಂಟ್ ಬಂದಾಗ ಒಂದು ಸಲ ಅತ್ತೆ.

ಅಪ್ಪನಿಗೂ ತೋರಿಸಿದೆ. ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದ.

ಹೇಗಿದೆ ಬರೆ.

ನಿನ್ನ
ಸಂಧ್ಯಾ


ಹೊಸ ಕೋರಿಹಾಳ
16 ಆಗಸ್ಟ್ 2010

ಸಂಧ್ಯಾ,

ಈ ಹೆಂಗಸು ಯಾರು?

ನಮ್ಮ ಮುಳುಗಡೆ ಸಂಘದ ಹೆಣ್ಣುಮಕ್ಕಳನ್ನೆಲ್ಲ ಕರೆದು, ನಡುಮನೆಯಲ್ಲಿ ಜಮಖಾನೆ ಹಾಸಿ, ದೊಡ್ಡದಾಗಿ ಬಿಚ್ಚಿದೆ. ಹುಲೆಪ್ಪ ಬಂದು ಕತ್ತು ಚಾಚಿದ. ಅವನು ಆ ಊರಲ್ಲೂ ನಮ್ಮ ನೆರೆ, ಇಲ್ಲೂ ನೆರೆ, ಅವನ ಬಾಯಿ ನಿನಗೆ ಗೊತ್ತಲ್ಲ. "ಇಂದ್ರವ್ವಾ, ನಿಮ್ಮವ್ವಗ ಸತ್ತ ಮ್ಯಾಲ ಛಲೋ ಮೈಬಣ್ಣ ಬಂದೈತಲ್ಲ!" ಎಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಕೈ ನೋಡಿದ್ದೆ.

ಯಾರ ಕೈ ಅವು? ಪಾಟಿ ತೆಗೆದೆ, ಹಿಂದೆ ಕೈ ಇರಲಿಲ್ಲ, ಯಾವ ಮದುಮಗಳ ಕೈ ಕತ್ತರಿಸಿ ತಂದು ಹಚ್ಚಿದೆ? ಮೊಣಕೈತನಕ ಹಸಿರು ಬಳೆ, ಅಂಗೈಗೆ ಮದರಂಗಿ, ಉಗುರಿಗೆ ಬಣ್ಣ. ಅಪ್ಪ ತೀರಿದ ಮೇಲೆ ಇಪ್ಪತ್ತು ವರ್ಷ ಬರಿಗೈಯಲ್ಲಿ ಬಾಳಿದವಳು ನನ್ನ ಅವ್ವ. ಜೋಳ ಕೊಯ್ದ ಕೈ ಅವಳದು. ಕುಡುಗೋಲು ತಾಗಿ ಬಲಗೈಯ ನಡುಬೆರಳು ಸೊಟ್ಟಗಿತ್ತು, ಆ ಬೆರಳಿನಿಂದ ನಿನ್ನ ಕೆನ್ನೆ ಹಿಂಡುತ್ತಿದ್ದಳು, ಮರೆತೆಯಾ? ಬದುಕಿದ್ದಾಗ ಅವರು ಮನೆ ಕಿತ್ತುಕೊಂಡರು. ಸತ್ತ ಮೇಲೆ ನೀನು ಕೈ ಕಿತ್ತುಕೊಂಡೆ.

ಮತ್ತೆ ಆ ಹೊಳೆ. ನಮ್ಮ ಓಣಿಗೆ ನುಗ್ಗಿದ ನೀರು ಯಾವತ್ತು ನೀಲಿ ಇತ್ತು? ರಾಡಿ ನೀರು ಅದು, ಹಂದರ, ಬಾಗಿಲು, ಸತ್ತ ನಾಯಿ ತೇಲಿಸಿಕೊಂಡು ಬಂದ ನೀರು. ಅದಕ್ಕೆ ನೀಲಿ ಹಚ್ಚಿ ನನ್ನ ಅವ್ವನ ಬೆನ್ನ ಹಿಂದೆ ಇಟ್ಟಿದ್ದೀಯ. ಆಣೆಕಟ್ಟು ನೋಡಲು ಬುತ್ತಿ ಕಟ್ಟಿಕೊಂಡು ಬರುವವರು ಇಂಥ ಫೋಟೋ ತೆಗೆಸಿಕೊಳ್ಳುತ್ತಾರೆ. ನಾವು ನೋಡಲು ಬಂದವರಲ್ಲ. ನಮ್ಮನ್ನು ಎಬ್ಬಿಸಿದರು.

ಪಾಟಿ ನಮ್ಮ ಸಾಕ್ಷಿ. ಸಾಕ್ಷಿ ಅಳಿಸುವ ಕೆಲಸಕ್ಕೆ ಕಚೇರಿಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಪಗಾರ ಕೊಟ್ಟು ಇಟ್ಟಿದ್ದಾರೆ. ನೀನು ಯಾಕೆ ಬಿಟ್ಟಿ ಮಾಡುತ್ತೀ?

ಇದು ಬೇಡ. ಹಿಂದಕ್ಕೆ ಕಳಿಸಿದ್ದೇನೆ.

ಇಂದ್ರವ್ವ


ಹೊಸ ಕೋರಿಹಾಳ
10 ಸೆಪ್ಟೆಂಬರ್ 2010

ಮಗಳೇ,

ಉತ್ತರ ಇಲ್ಲ. ಫೋನೂ ಎತ್ತುವುದಿಲ್ಲ. ಧರಣಿ ಕೂತಿದ್ದೀಯ ಎಂದು ತಿಳಿದೆ. ಕೂಡು, ಅದು ನಿನ್ನ ಹಕ್ಕು. ಆದರೆ ಬೇಡಿಕೆ ಏನು ಎಂದು ಬರೆದು ತಿಳಿಸದೆ ಯಾರೂ ಧರಣಿ ಕೂಡುವುದಿಲ್ಲ. ಸಿಟ್ಟಿದ್ದರೆ ಸಿಟ್ಟಿನಿಂದಲೇ ಬರೆ.

ಶೇಂಗಾ ಹೋಳಿಗೆ ಮಾಡಿದ್ದೆ. ನೀನಿಲ್ಲದೆ ಹುಲೆಪ್ಪ ತಿಂದ.

ಅತ್ತಿ


ಬನಹಟ್ಟಿ
20 ಸೆಪ್ಟೆಂಬರ್ 2010

ಅತ್ತಿ,

ಕೈ ಹಚ್ಚಿದ್ದು ತಪ್ಪು. ಒಪ್ಪಿದೆ. ಲ್ಯಾಬಿನಲ್ಲಿ ಹೀಗೆ ಅಡ್ಡ ಬಂದ ವಸ್ತು ತೆಗೆದರೆ ಬೇರೆ ಫೋಟೋದಿಂದ ಕೈ, ತೋಳು, ಒಮ್ಮೊಮ್ಮೆ ಕಾಲು ಕೂಡ ತಂದು ಹಚ್ಚುತ್ತೇವೆ. ಯಾರೂ ಕೇಳುವುದಿಲ್ಲ. ನನಗೂ ಕೇಳಬೇಕು ಅನ್ನಿಸಲಿಲ್ಲ.

ಆದರೆ ಪಾಟಿ ತೆಗೆದದ್ದಕ್ಕೆ ನಾನು ತಪ್ಪಾಯಿತು ಅನ್ನುವುದಿಲ್ಲ.

ನಿನಗೆ ಅದು ಸಾಕ್ಷಿ. ನನಗೆ ಅದು ನನ್ನ ಪಾಟಿ. ಖರೆ ಹೇಳುತ್ತೇನೆ, ಅದು ನನ್ನದು. ಫೋಟೋ ತೆಗೆಯಲು ಬಂದವರು ನಂಬರು ಬರೆಯಲು ಏನನ್ನೂ ತಂದಿರಲಿಲ್ಲ. ನಾನು ಕಟ್ಟೆಯ ಮೇಲೆ ಮಗ್ಗಿ ಬರೆಯುತ್ತ ಕೂತಿದ್ದೆ. "ಮಗು, ಸ್ವಲ್ಪ ಕೊಡು, ಕೊಡ್ತೀವಿ" ಎಂದು ಕಸಿದುಕೊಂಡರು. ಅರ್ಧ ಮಗ್ಗಿ ಅಳಿಸಿ ಮೊದಲ ನಂಬರು ಬರೆದರು. ಆಮೇಲೆ ಓಣಿ ಓಣಿ ಅದೇ ಪಾಟಿ ತಿರುಗಿತು. ನಾನು ಹಿಂದೆ ಹಿಂದೆ ಓಡಿದೆ, ವಾಪಸ್ ಕೊಡುತ್ತಾರೆ ಎಂದು. ಅಪ್ಪ ಅದನ್ನು ಎದೆಗೆ ಹಿಡಿದು ನಿಂತಾಗ ಅವನನ್ನು ಹಿಡಿದುಕೊಂಡು ಹೋಗುತ್ತಾರೆ ಎಂದು ಚೀರಿದೆ, ಆಮೇಲೆ ನನ್ನನ್ನು ಮನೆಯೊಳಗೆ ಕೂಡಿಹಾಕಿದರು. ನನ್ನ ಪಾಟಿ ಹಿಡಿದು ಇಡೀ ಊರು ಕೈದಿಯಾಗಿ ನಿಂತಿತು. ಅದನ್ನು ಅವರು ಜೀಪಿನಲ್ಲಿ ಹಾಕಿಕೊಂಡು ಹೋದರು.

ಬನಹಟ್ಟಿಗೆ ಬಂದ ಮೇಲೆ ಸಾಲೆಯಲ್ಲಿ ನನಗೆ ಹೆಸರಿರಲಿಲ್ಲ. "ಏ ಮುಳಗಡಿ, ಈ ಕಡೆ ಬಾ." ಮಾಸ್ತರರೂ ಅದೇ ಅನ್ನುತ್ತಿದ್ದರು, ಪ್ರೀತಿಯಿಂದ. ನೀನು ಆಗ ಮೈಕಿನಲ್ಲಿ "ನಾವು ಮುಳುಗಡೆಯವರು" ಎಂದು ಹೆಮ್ಮೆಯಿಂದ ಕೂಗುತ್ತಿದ್ದೆ. ನನಗೆ ಆ ಶಬ್ದ ಕೇಳಿದರೆ ಬೆಂಚಿನ ಕೆಳಗೆ ಹೊಕ್ಕು ಕೂಡಬೇಕು ಅನ್ನಿಸುತ್ತಿತ್ತು. ಒಂದೇ ಒಂದು ಫೋಟೋದಲ್ಲಿ ಆಯಿ ಬರೀ ಆಯಿಯಾಗಿ ಇರಲಿ ಎಂದು ಆಸೆಪಟ್ಟೆ. ಅಷ್ಟೇ.

ಇನ್ನೊಂದು ಮಾತು. ನೀನು ಕಳಿಸಿದ ಪ್ರತಿಯಲ್ಲಿ ಹೆಚ್ಚಿನದೇನೂ ಇಲ್ಲ ಅತ್ತಿ. ಬೆಳಕು ಕೊಟ್ಟರೆ ಕಪ್ಪು ಹೋಗಿ ಬೂದು ಬರುತ್ತದೆ, ಒಳಗೆ ಏನಾದರೂ ಇದ್ದರೆ ತಾನೆ ಕಾಣುವುದು. ಚೂಪು ಮಾಡುತ್ತ ಹೋದರೆ ಇಲ್ಲದ ಗೆರೆ ಹುಟ್ಟುತ್ತವೆ. ನಾನು ಚೂಪು ಮಾಡಿದ ಆ ಕಣ್ಣು ಅರ್ಧ ಆಯಿಯದು, ಅರ್ಧ ನನ್ನದು. ಮೂಲ ನೆಗೆಟಿವ್ ಸಿಕ್ಕರೆ ಬೇರೆ ಮಾತು.

ಬೇಡಿಕೆ ಕೇಳಿದೆಯಲ್ಲ: ಹೋಳಿಗೆ ಹುಲೆಪ್ಪ ಕಾಕಾನಿಗೆ ಕೊಡಬಾರದು.

ಸಂಧ್ಯಾ


ಹೊಸ ಕೋರಿಹಾಳ
27 ಸೆಪ್ಟೆಂಬರ್ 2010

ಮಗಳೇ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಪಾಟಿ ನಿನ್ನದೆಂದು ನನಗೆ ಗೊತ್ತಿರಲಿಲ್ಲ. ಆ ದಿನ ನಾನು ಊರಲ್ಲಿರಲಿಲ್ಲ, ಬೀಳಗಿಯಲ್ಲಿ ಕಚೇರಿಯ ಮುಂದೆ ಕೂತಿದ್ದೆ. ನಮ್ಮ ಮಕ್ಕಳ ಸಲುವಾಗಿ ಎಂದು ಕೂಗುತ್ತಿದ್ದೆವು.

ಬಸ್ಸಿನ ಡ್ರೈವರನ ಕೈಯಲ್ಲಿ ಡಬ್ಬಿ ಕಳಿಸಿದ್ದೇನೆ. ಮೇಲಿನ ಸಾಲು ಹೋಳಿಗೆ, ಕೆಳಗೆ ಶೇಂಗಾ ಚಟ್ನಿ. ಅಪ್ಪನಿಗೆ ಎರಡು ಕೊಡು, ಹೆಚ್ಚು ಬೇಡ, ಅವನಿಗೆ ಸಕ್ಕರೆ ಇದೆ.

ನೆಗೆಟಿವ್ ಹುಡುಕು. ಸಿಗದಿದ್ದರೂ ಬರೆ.

ಅತ್ತಿ


ಬನಹಟ್ಟಿ
25 ಅಕ್ಟೋಬರ್ 2010

ಪ್ರೀತಿಯ ಅತ್ತಿ,

ನೆಗೆಟಿವ್ ಸಿಕ್ಕಿತು. ಎಲ್ಲಿ ಗೊತ್ತೇ? ನಾನು ದಿನಾ ಕೂಡುವ ಖುರ್ಚಿಯ ಮೇಲಿನ ಅಟ್ಟದಲ್ಲಿ!

ದಸರೆಯ ಮರುದಿನ ನಮ್ಮ ಮಾಲಕರ ತಂದೆ ಕೃಷ್ಣಾಜಿ ಲ್ಯಾಬಿಗೆ ಬಂದಿದ್ದರು. ಮೊದಲು ಅವರದೇ ಸ್ಟುಡಿಯೋ ಅದು, ಈಗ ಕಣ್ಣು ಮಂಜಾಗಿ ಮನೆಯಲ್ಲಿರುತ್ತಾರೆ. ನನ್ನ ಪರದೆಯ ಹತ್ತಿರ ಮೂಗು ತಂದು ನೋಡಿದರು. "ಅಗಬಾಯಿ! ಇದು ನಾ ತಗದದ್ದಲ್ಲೇನ? ಹೊಳಿ ದಂಡಿ ಊರು. ಜೀಪಿನ್ಯಾಗ ಒಯ್ದಿದ್ರು. ಏನ್ ಮಳಿ, ಏನ್ ಮಳಿ." ಪ್ರಥಮೇಶ ತಲೆಯ ಮೇಲೆ ಕೈ ಹೊತ್ತರು: "ಬಾಬಾ, ಆ ಡಬ್ಬಿ ಎಲ್ಲಾ ರದ್ದಿಗೆ ಹಾಕೂಣಂತ ಹೇಳಿಲ್ಲೇನು ನಾನು?" "ನೀ ಹೇಳಿದಿ, ನಾ ಹಾಕಲಿಲ್ಲ" ಎಂದರು ಮುದುಕರು.

ಬಿಸ್ಕೀಟಿನ ಡಬ್ಬಿಗಳು. ಸುರುಳಿಗಳ ಮೇಲೆ ಬೂಷ್ಟು ಹಿಡಿದಿತ್ತು. ಹತ್ತಿಯಿಂದ ಒರೆಸಿ ಸ್ಕ್ಯಾನ್ ಮಾಡಿದೆ. ಒಂದೊಂದು ಚುಕ್ಕೆಯನ್ನೂ ಒಂದೊಂದಾಗಿ ತೆಗೆದೆ. ಈ ಸಲ ಯಾರನ್ನೂ ಬೆಳ್ಳಗೆ ಮಾಡಿಲ್ಲ. ನೆರಳಿನ ಭಾಗಕ್ಕೆ ಮಾತ್ರ ಬೆಳಕು ಕೊಟ್ಟೆ, ಚೂರು ಚೂರಾಗಿ. ಮೋಡದ ದಿನ ಮೋಡದ ದಿನವಾಗಿಯೇ ಉಳಿಯಲಿ ಎಂದು ಆಕಾಶ ಮುಟ್ಟಲಿಲ್ಲ. ಚೂಪು ಮಾಡಿದ್ದು ಎಷ್ಟು ಬೇಕೋ ಅಷ್ಟು, ಸೀರೆಯ ಅಂಚಿಗೆ ಬಿಳಿ ಗೆರೆ ಹುಟ್ಟುವ ಮೊದಲೇ ನಿಲ್ಲಿಸಿದೆ.

ಆಯಿ ಬಂದಳು ಅತ್ತಿ. ಕಪ್ಪು ಮುಖ, ಹಣೆಯ ಮೇಲೆ ಸುಕ್ಕು, ತುಟಿ ಬಿಗಿದು ನಿಂತಿದ್ದಾಳೆ. ನೀನು ಸಾಹೇಬರ ಎದುರು ನಿಲ್ಲುತ್ತೀಯಲ್ಲ, ಥೇಟ್ ಹಾಗೆ. ಸೊಟ್ಟ ಬೆರಳು ಪಾಟಿಯ ಅಂಚಿನ ಮೇಲಿದೆ. ಬೆರಳಿಗೆ ಹತ್ತಿದ ಎಲೆ ಅಡಿಕೆಯ ಕಲೆ ಕೂಡ ಕಾಣುತ್ತದೆ.

ಪಾಟಿಯೂ ಕಾಣುತ್ತದೆ. ಅದರ ಮೇಲೆ ನಂಬರಿಲ್ಲ.

ಕತ್ತಲಿನಿಂದ ಮುಚ್ಚಿದ್ದಲ್ಲ. ಒರೆಸಿದ್ದು. ಸುಣ್ಣ ಬಳಿದಂತೆ ಪಾಟಿಗೆ ಬರೆಯುವ ಖಡುವಿನ ಪುಡಿ ಅಡ್ಡಡ್ಡ ಬಳಿದುಕೊಂಡಿದೆ. ಆಯಿಯ ಸೆರಗಿನ ತುದಿ ಎಡಗೈ ಮುಷ್ಟಿಯಲ್ಲಿದೆ, ಅದಕ್ಕೂ ಬಿಳಿ ಹತ್ತಿದೆ. ಅವಳೇ ಒರೆಸಿದ್ದಾಳೆ ಅತ್ತಿ, ಫೋಟೋ ತೆಗೆಯುವ ಸ್ವಲ್ಪ ಮೊದಲು. ಕೃಷ್ಣಾಜಿಯವರನ್ನು ಕೇಳಿದೆ. "ಅಷ್ಟು ಮನಿ ತಗದೇನಿ, ಯಾರ ನೆನಪು ಇಡಲಿ ಮಗಳ?" ಎಂದರು.

ಹತ್ತು ವರ್ಷದಿಂದ ನೀನು ಕಚೇರಿಯಲ್ಲಿ ಹೇಳುತ್ತ ಬಂದದ್ದು ಒಂದೇ: ಫೋಟೋ ಕೆಡಿಸಿದವರು ನೀವು, ನಂಬರು ಕತ್ತಲಲ್ಲಿ ಹೋಗಿದೆ, ನಮ್ಮದೇನೂ ತಪ್ಪಿಲ್ಲ. ಈಗ ಇದನ್ನು ಮೊದಲ ಪುಟಕ್ಕೆ ಹಾಕಿದರೆ, ಮನೆಯವಳೇ ಒರೆಸಿದಳು, ಅವಳ ಮಗಳು ಸುಳ್ಳು ಹೇಳಿದಳು ಎನ್ನುತ್ತಾರೆ. ನಿನ್ನ ಮನೆ ಹೋಗುತ್ತದೆ.

ಪ್ರಥಮೇಶ ನನ್ನ ಮುಖ ನೋಡಿ, "ಅಷ್ಟಕ್ಕ ಯಾಕ ತಲಿ ಕೆಡಿಸ್ಕೊಂತಿ? ಖಡು ಅಕ್ಷರದ ಫಾಂಟ್ ಐತಲ್ಲ. ನಂಬರ್ ಬರದು ಒಗಿ. ಯಾವ ಸಾಹೇಬಗ ತಿಳೀತೈತಿ?" ಎಂದರು. ಹುಲೆಪ್ಪ ಕಾಕಾನ ಪಾಟಿಯ ಮೇಲೆ ನಲವತ್ತು, ಆಚೆ ಮಗ್ಗಲಿನ ಜೈನ ಬಸ್ತಿಯ ಪೂಜಾರಿಯದು ನಲವತ್ತೆರಡು. ನಡುವಿನದು ಏನೆಂದು ಸಣ್ಣ ಮಕ್ಕಳೂ ಹೇಳುತ್ತಾರೆ. ಬರೆದು ನೋಡಿದೆ. ಚಹಾ ಆರುವುದರೊಳಗೆ ಮುಗಿಯಿತು. ಅಸಲಿನ ಹಾಗೇ ಇದೆ.

ಎರಡೂ ಪುಟ ಮಾಡಿ ಇಟ್ಟಿದ್ದೇನೆ. ನಂಬರು ಇರುವುದು, ಇಲ್ಲದ್ದು. ಎರಡರ ಸಣ್ಣ ಪ್ರಿಂಟೂ ಕಳಿಸಿದ್ದೇನೆ. ಮಗ್ಗಲಿನ ಎರಡು ಮನೆಯವರದೂ ಇದೆ. ನೆಗೆಟಿವ್‌ನಲ್ಲಿ ಅಂಚಿನವರೆಗೂ ಇರುತ್ತದೆ, ಕಚೇರಿಯ ಪ್ರತಿಯಲ್ಲಿ ಕತ್ತರಿಸಿಬಿಟ್ಟಿದ್ದರು. ನೀನು ಯಾವುದು ಎನ್ನುತ್ತೀಯೋ ಅದು ಅಚ್ಚಿಗೆ ಹೋಗುತ್ತದೆ. ನಾನು ಯಾರಿಗೂ ಹೇಳುವುದಿಲ್ಲ. ಅಪ್ಪನಿಗೂ ಹೇಳಿಲ್ಲ.

ನಿನಗೆ ಮನೆ ಇರಬೇಕು ಅತ್ತಿ. ನನಗೆ ಬೇರೇನೂ ತಿಳಿಯುವುದಿಲ್ಲ.

ನಿನ್ನ
ಸಂಧ್ಯಾ


ಹೊಸ ಕೋರಿಹಾಳ
8 ನವೆಂಬರ್ 2010

ನನ್ನ ಬಂಗಾರ ಸಂಧ್ಯಾ,

ದೀಪಾವಳಿಗೆ ಬರಲಿಲ್ಲ ಎಂದು ಬೈಯಲು ಕೂತವಳು, ಬೈಯುವುದು ಆಮೇಲೆ.

ಪ್ರಿಂಟು ಬಿಸಿಲಿಗೆ ಹಿಡಿದು ನೋಡಿದೆ. ಅವ್ವ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖ ನನಗೆ ಮರೆಯುತ್ತ ಬಂದಿತ್ತು ಎಂದು ಆಗ ತಿಳಿಯಿತು. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ನೀನು ತಂದು ಕೊಟ್ಟೆ.

ಆಮೇಲೆ ಹುಲೆಪ್ಪನ ಬಾಗಿಲಿಗೆ ಹೋದೆ. "ಆ ದಿನ ನೀ ನಿಮ್ಮ ಕಟ್ಟಿ ಮ್ಯಾಲ ಇದ್ದೆಲ್ಲೊ. ನಮ್ಮವ್ವ ಏನ್ ಮಾಡಿದ್ಳು?"

"ಏನ್ ಮಾಡಿದ್ಳು? ಬರದದ್ದು ವರಿಸಿದ್ಳು. ಪಾಟಿ ಕೈಯಾಗ ಕೊಟ್ರು. 'ಇದೇನೊ ತಮ್ಮಾ?' ಅಂದ್ಳು. 'ನಿಮ್ಮ ಮನಿ ನಂಬರ್‌ರಿ ಆಯಿ' ಅಂದ್ರು. 'ನನ್ನ ಮನಿಗೆ ನಾ ನಂಬರ್ ಹಿಡಕೊಂಡು ಹೋಗ್ತೀನೇನು? ಬಸ್ತಿ ಹಿಂದ ಕೆಂಪವ್ವನ ಮನಿ ಅಂದ್ರ ಕುರುಡನೂ ಬರ್ತಾನ' ಅಂದಾಕಿನ, ಸೆರಗು ಹಸಿ ಮಾಡಿ ವರಿಸೇ ಬಿಟ್ಳು. ಮಳಿ ಬಂತು. ಅವ ಫೋಟೋದಾಂವ 'ಆತು ಬಿಡ್ರಿ' ಅಂತ ಒತ್ತಿದ."

"ಇಷ್ಟು ವರ್ಷ ಯಾಕ ಹೇಳಲಿಲ್ಲೊ, ಹಾಳಾದವನ?"

"ನೀ ಕೇಳಿದ್ಯಾ? ಮೈಕ್ ಹಿಡದಾಕಿ ಮುಂದ ಯಾರು ಬಾಯಿ ತಗೀತಾರ ಬೇ?"

ಎದ್ದು ಬಂದೆ. ಅವನು ಹಿಂದಿನಿಂದ "ಚಹಾ ಕುಡದು ಹೋಗ" ಎಂದು ಕೂಗುತ್ತಲೇ ಇದ್ದ.

ಸಂಜೆ ಸಂಘದ ಸಭೆ ಕರೆದೆ. ಎರಡೂ ಪ್ರಿಂಟು ನಡುವೆ ಇಟ್ಟೆ. ನಂಬರು ಬರೆದದ್ದು ಹಾಕು, ಯಾರಿಗೆ ಗೊತ್ತಾಗುತ್ತದೆ ಎಂದವರೇ ಹೆಚ್ಚು. ಅವರ ಮೇಲೆ ನನಗೆ ಸಿಟ್ಟಿಲ್ಲ, ನಾನು ಬೀದಿಗೆ ಬೀಳಬಾರದು ಎಂದು ಹೇಳಿದರು. ನನ್ನ ಕೈಯೂ ಒಂದು ಸಲ ಆ ಪ್ರಿಂಟಿನ ಕಡೆಗೇ ಹೋಯಿತು.

ಆದರೆ ನಾನು ನಂಬರು ಬರೆಯುವುದಿಲ್ಲ. ಅವ್ವ ಒರೆಸಿದ್ದನ್ನು ಅವಳ ಕೈಯಲ್ಲೇ ಮತ್ತೆ ಬರೆಸುವುದೆಂದರೆ, ಅವತ್ತು ಕಚೇರಿಯವರಿಂದ ಆಗದ ಕೆಲಸವನ್ನು ಇವತ್ತು ಅವಳ ಮಗಳು ಮಾಡಿಕೊಟ್ಟ ಹಾಗೆ. ನಾವು ಚಳವಳಿಗಳಲ್ಲಿ ಇಷ್ಟು ವರ್ಷ ಬಾಯಿ ಹರಿದುಕೊಂಡೆವು, ಜೈಲಿಗೆ ಹೋದೆವು. ಮೊದಲ ಧರಣಿ ನಮ್ಮ ಮನೆಯ ಬಾಗಿಲಲ್ಲೇ ನಡೆದಿತ್ತು, ಒಬ್ಬಳೇ ಮುದುಕಿ, ಘೋಷಣೆಯಿಲ್ಲ, ನಾನು ಊರಲ್ಲಿರಲಿಲ್ಲ.

ಫೋಟೋ ಕೆಡಿಸಿದಿರಿ ಎಂದು ನಾನು ಅವರಿಗೆ ಹೇಳಿದ ಮಾತು ಸರಿಯಲ್ಲ, ಅದನ್ನು ಸಾಹೇಬರ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಬೇಡಿಕೆ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನೀರು ನಂಬರು ನೋಡಿ ಮನೆಯೊಳಗೆ ಬಂದಿಲ್ಲ. ಪಾಟಿಯಲ್ಲಿ ಬರೆದಿದ್ದ ನಲವತ್ತನ್ನೂ ಮುಳುಗಿಸಿತು, ನಲವತ್ತೆರಡನ್ನೂ ಮುಳುಗಿಸಿತು, ನಡುವೆ ನಮ್ಮದನ್ನು ಮಾತ್ರ ಒಣಗಿಸಿ ಬಿಟ್ಟಿತೇ? ಅದನ್ನು ಕೇಳುತ್ತೇನೆ.

ಈಗ ನಿನ್ನ ಕೆಲಸ ಕೇಳು. ಹುಲೆಪ್ಪನ ಫೋಟೋದ ಬಲಗಡೆ ಅಂಚಿನಲ್ಲಿ ಒಂದು ಕಟ್ಟೆ ಕಾಣುತ್ತದೆ, ಅದು ನಮ್ಮ ಕಟ್ಟೆ. ಪೂಜಾರಿಯ ಫೋಟೋದ ಎಡಗಡೆ ಕಾಣುವ ಬಚ್ಚಲ ಗೋಡೆ ನಮ್ಮದು. ಅವ್ವನ ಫೋಟೋದಲ್ಲಿ ಆ ಕಟ್ಟೆಯೂ ಇದೆ, ಆ ಗೋಡೆಯೂ ಇದೆ. ಮೊದಲ ಪುಟ ಬಿಚ್ಚಿದರೆ ಎಡ ಬಲ ಎರಡೂ ಪುಟ ಸೇರಿ ಒಂದಾಗುತ್ತದಲ್ಲ, ಅದರಲ್ಲಿ ಮೂರೂ ಫೋಟೋ ಸಾಲಾಗಿ ಇಡು, ಗೋಡೆಗೆ ಗೋಡೆ ಹಚ್ಚಿ, ಓಣಿಯಲ್ಲಿ ಇದ್ದ ಹಾಗೆ. ನಡುವೆ ಅವ್ವ. ಹೂವು ಬೇಡ, ಹೊಳೆ ಬೇಡ, ಚೌಕಟ್ಟು ಬೇಡ. ಬೆಳಕು ಈಗ ಕೊಟ್ಟಷ್ಟೇ ಸಾಕು. ಸಾಹೇಬರಿಗೆ ಕಣ್ಣಿದ್ದರೆ ಕಾಣುತ್ತದೆ. ಇಲ್ಲದಿದ್ದರೆ ಮೇಲಿನ ಸಾಹೇಬರ ಹತ್ತಿರ ಹೋಗೋಣ, ಆಲ್ಬಮ್ ಗಟ್ಟಿ ಇರಲಿ, ಬಹಳ ಮೇಜು ನೋಡಬೇಕಾದೀತು.

ಮನೆ ಹೋದರೆ ಹೋಯಿತು, ನಿನ್ನ ಹತ್ತಿರ ಬಂದು ಬನಹಟ್ಟಿಯಲ್ಲಿ ಕೂಡುತ್ತೇನೆ. ದಿನಾ ಬೈಯುತ್ತೇನೆ. ಅದಕ್ಕೆ ಹೆದರಿಯಾದರೂ ಪುಟ ಛಲೋ ಮಾಡು.

ಆಲ್ಬಮ್ ಡ್ರೈವರನ ಕೈಯಲ್ಲಿ ಕಳಿಸಬೇಡ. ನೀನು ತಗೊಂಡು ಬಾ. ಸಾಹೇಬರ ಮುಂದೆ ಪುಟ ತಿರುವುವವಳು ನೀನು, ನಾನಲ್ಲ. ನಂಬರು ಎಲ್ಲಿ ಎಂದು ಅವರು ಕೇಳಿದಾಗ ಉತ್ತರ ಕೊಡುವವಳೂ ನೀನು. ಬೆಂಚಿನ ಕೆಳಗೆ ಜಾಗ ಇರುವುದಿಲ್ಲ, ಮೊದಲೇ ಹೇಳಿರುತ್ತೇನೆ. ನಾನು ಮಗ್ಗಲಲ್ಲಿ ನಿಂತಿರುತ್ತೇನೆ, ಮೈಕಿಲ್ಲದೆ.

ಜಮಖಂಡಿಯಿಂದ ಮೊದಲ ಬಸ್ಸು ಹಿಡಿ. ಅಪ್ಪನನ್ನೂ ಕರೆದುಕೊಂಡು ಬಾ. ಬೀಳಗಿ ಬಸ್‌ಸ್ಟ್ಯಾಂಡಿನಲ್ಲಿ ನಾವೆಲ್ಲ ಇರುತ್ತೇವೆ. ನವೆಂಬರ್ ಇಪ್ಪತ್ತೈದು, ಗುರುವಾರ, ಮುಂಜಾನೆ ಹತ್ತೂವರೆ.

ನಿನ್ನ ಅತ್ತಿ
ಇಂದ್ರವ್ವ